ಟೆಂಡರ್ ಗಡುವು: 'ತಲುಪಿತು' ಅಂದ್ರೆ ಎಲ್ಲಿಗೆ?

ಅಮೆರಿಕದ ಸರ್ಕಾರಿ ಗುತ್ತಿಗೆಯಲ್ಲಿ ತಡವಾಗಿ ಬಂದ ಬಿಡ್‌ಗೆ ಕನಿಕರವಿಲ್ಲ. ಒಂದೇ ನಿಮಿಷ ತಡವಾದರೂ ಪಕ್ಕಕ್ಕಿಡುತ್ತಾರೆ. ಇದರ ಹಿಂದೆ ಒಂದು ಭಯವಿದೆ: ಉಳಿದವರ ದರ ನೋಡಿಕೊಂಡು ಯಾರೋ ತಮ್ಮ ದರ ತಿದ್ದಿಬಿಟ್ಟರೆ? ಭಯ ಸರಿಯಾದದ್ದೇ.

ಅಂಚೆಯ ಕಾಲದಲ್ಲಿ ಸ್ವಲ್ಪ ಸಡಿಲಿಕೆಯಿತ್ತು. ಗಡುವಿಗೆ 5 ದಿನ ಮುಂಚೆ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದ್ದರೆ, ಲಕೋಟೆ ತಡವಾಗಿ ಬಂದರೂ ಒಪ್ಪುತ್ತಿದ್ದರು. 1990ರ ದಶಕದ ಕೊನೆಗೆ ಆ ರಿಯಾಯಿತಿ ಹೋಯಿತು. ಮುಖ್ಯವಾಗಿ ಎರಡು ವಿನಾಯಿತಿ ಉಳಿದವು. ಇ-ಮೇಲ್‌ನಲ್ಲಿ ಕಳಿಸಿದ್ದರೆ, ಗಡುವಿನ ಹಿಂದಿನ ಕೆಲಸದ ದಿನ ಸಂಜೆ 5ರೊಳಗೆ ಅದು ಸರ್ಕಾರದ ಮೊದಲ ಸರ್ವರ್ ಮುಟ್ಟಿರಬೇಕು. ಇನ್ನೊಂದು, ಗಡುವಿನ ಹೊತ್ತಿಗೆ ಬಿಡ್ ಸರ್ಕಾರದ ಕೈಗೆ ಬಂದು ಅದರ ಹಿಡಿತದಲ್ಲೇ ಇತ್ತು ಎಂಬುದಕ್ಕೆ ಪುರಾವೆ ಇರಬೇಕು.

ಜಗಳ ಶುರುವಾದದ್ದೇ ಇಲ್ಲಿ. ಗಡುವಿಗೆ ಅರ್ಧ ಗಂಟೆ ಮೊದಲು ಇ-ಮೇಲ್ ಇಲಾಖೆಯ ಸರ್ವರ್‌ಗೆ ಬಂತು, ಆದರೆ ಅಧಿಕಾರಿಯ ಇನ್‌ಬಾಕ್ಸ್‌ಗೆ ಬರಲಿಲ್ಲ ಅಂದುಕೊಳ್ಳಿ. ಅದು ಸರ್ಕಾರದ ಹಿಡಿತದಲ್ಲಿತ್ತು ಅಲ್ವಾ?

ಇಲ್ಲ ಅಂದಿತು ಜಿಎಒ. ಇದು ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ, ಗುತ್ತಿಗೆ ತಕರಾರುಗಳನ್ನೂ ಕೇಳುತ್ತದೆ. 2002ರ 'ಸೀ ಬಾಕ್ಸ್' ಪ್ರಕರಣದಲ್ಲಿ ಅದರ ವಾದ ಹೀಗಿತ್ತು: ಇ-ಮೇಲ್‌ಗೆ ಅಂತಲೇ 5 ಗಂಟೆಯ ನಿಯಮವಿದೆ. ಹಿಡಿತದ ವಿನಾಯಿತಿಯನ್ನೂ ಕೊಟ್ಟರೆ ಆ ನಿಯಮಕ್ಕೆ ಅರ್ಥವೇ ಉಳಿಯುವುದಿಲ್ಲ.

ಇಂಥ ತಕರಾರುಗಳನ್ನು ಕೇಳುವ ಇನ್ನೊಂದು ಜಾಗ ಫೆಡರಲ್ ಕ್ಲೇಮ್ಸ್ ಕೋರ್ಟ್. ಅದರ ಕೆಲವು ನ್ಯಾಯಾಧೀಶರು ಜಿಎಒ ವಾದವನ್ನು ಒಪ್ಪಲಿಲ್ಲ. 2011ರ 'ವಾಟರ್ಸನ್' ಪ್ರಕರಣ ನೋಡಿ. ಕಂಪನಿ ಗಡುವಿಗೆ ಮುಂಚೆಯೇ ಮೇಲ್ ಕಳಿಸಿತ್ತು. ಅದೇ ಹೊತ್ತಿಗೆ ಮೇಲ್‌ಗಳ ಪ್ರವಾಹ ನುಗ್ಗಿ ಸೇನೆಯ ಸರ್ವರ್ ಕಟ್ಟಿಕೊಂಡಿತ್ತು. ಕೋರ್ಟ್ ಕಂಪನಿಯ ಪರ ನಿಂತಿತು. 2013ರಲ್ಲಿ ಅಮೆರಿಕದ ವಿದೇಶಿ ನೆರವಿನ ಸಂಸ್ಥೆಯಾಗಿದ್ದ ಯುಎಸ್‌ಏಡ್‌ನ ಒಳಗಿನ ಸರ್ವರ್‌ಗಳ ನಡುವೆ ಬಿಡ್‌ಗಳು ಸಿಕ್ಕಿಹಾಕಿಕೊಂಡಾಗಲೂ ಹಾಗೇ ಆಯಿತು. ನನಗೂ ಇದೇ ಸರಿ ಅನಿಸುತ್ತದೆ. ಸರ್ಕಾರದ ಯಂತ್ರ ಕೆಟ್ಟರೆ ಕಂಪನಿಗೆ ಯಾಕೆ ಶಿಕ್ಷೆ? ಸರ್ವರ್‌ನಲ್ಲಿ ನಿಂತ ಫೈಲನ್ನು ತಿದ್ದಲೂ ಆಗುವುದಿಲ್ಲ, ಹಾಗಾಗಿ ಹಳೆಯ ಭಯಕ್ಕೂ ಇಲ್ಲಿ ಜಾಗವಿಲ್ಲ.

2022ರ 'ಇ-ಸಿಂಪ್ಲಿಸಿಟಿ' ಪ್ರಕರಣ ಇನ್ನೂ ಮುಂದೆ ಹೋಯಿತು. ಫೈಲ್ ದೊಡ್ಡದಾಯಿತು ಎಂದು ನೌಕಾಪಡೆಯ ಸರ್ವರ್ ಅದನ್ನು ತಿರಸ್ಕರಿಸಿತ್ತು. ಆದರೆ ಗಾತ್ರದ ಮಿತಿಯನ್ನು ಟೆಂಡರ್‌ನಲ್ಲಿ ಹೇಳಿಯೇ ಇರಲಿಲ್ಲ! ಅಲ್ಲಿಯೂ ಕಂಪನಿಯೇ ಗೆದ್ದಿತು.

ಜಿಎಒ ತೀರ್ಪು ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಕೋರ್ಟಿನ ಒಬ್ಬ ನ್ಯಾಯಾಧೀಶರ ಮಾತು ಇನ್ನೊಬ್ಬರನ್ನೂ ಕಟ್ಟಿಹಾಕುವುದಿಲ್ಲ. 2004ರಲ್ಲಿ ಇದೇ ಕೋರ್ಟ್ ಜಿಎಒ ವಾದವನ್ನೇ ಒಪ್ಪಿತ್ತು. ಹಾಗಾಗಿ ಇ-ಮೇಲ್ ತಡವಾದ ಕಂಪನಿಯ ವಕೀಲರು ಮೊದಲು ಯೋಚಿಸುವುದು, ತಕರಾರನ್ನು ಯಾವ ಬಾಗಿಲಿಗೆ ಒಯ್ಯಬೇಕು ಎಂದು.