ನಾಟಿ ಹಾಕಿದ ಕೂದಲು ಮೊದಲು ಉದುರುತ್ತೆ

ನನ್ನ ಚಿಕ್ಕಪ್ಪನ ಮಗ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸ್ಕೊಂಡು ಐದನೇ ವಾರಕ್ಕೆ ಫೋನ್ ಮಾಡಿ, "ಅಣ್ಣಾ, ಹೊಳೇಲಿ ಹುಣಸೆಹಣ್ಣು ತೊಳ್ದಂಗಾಯ್ತು, ಹಾಕಿದ್ದೆಲ್ಲ ಉದುರ್ತಾ ಇದೆ, ಮದ್ವೆಗೆ ಇನ್ನು ಒಂದೇ ತಿಂಗಳಿದೆ" ಅಂತ ಅಳೋ ಥರ ಮಾತಾಡ್ದ. ದುಡ್ಡು ಇಸ್ಕೊಳ್ಳೋವಾಗ ಅವನಿಗೆ ಯಾರೂ ಹೇಳೇ ಇರಲಿಲ್ಲ, ಈ ಉದುರೋದು ತಪ್ಪಾಗಿದ್ದಕ್ಕಲ್ಲ, ಹೆಚ್ಚುಕಮ್ಮಿ ಎಲ್ಲರಿಗೂ ಹಿಂಗೇ ಆಗುತ್ತೆ ಅಂತ. ಆ ಒಂದು ಮಾತು ಗೊತ್ತಿದ್ದಿದ್ರೆ ಹುಡುಗ ಎಷ್ಟೋ ರಾತ್ರಿ ನಿದ್ದೆ ಮಾಡ್ತಿದ್ದ, ಅದಕ್ಕೇ ಇದನ್ನ ಬರೀತಾ ಇದೀನಿ.

ನಮ್ಮ ದಾವಣಗೆರೆ ಕಡೆ ಭತ್ತದ ಗದ್ದೆ ನೋಡ್ದೋರಿಗೆ ಇದು ಬೇಗ ಅರ್ಥ ಆಗುತ್ತೆ. ಸಸಿ ಮಡಿಯಿಂದ ಕಿತ್ತು ನಾಟಿ ಹಾಕಿದ ಮೇಲೆ ಪೈರು ಒಂದು ವಾರ ಹಳದಿ ತಿರುಗಿ ಸತ್ತಂಗೆ ಕಾಣುತ್ತೆ, ಬೇರು ಕಚ್ಚಿದ ಮೇಲೇ ಹಸಿರಾಗೋದು. ಕೂದಲಿಗೂ ಹಂಗೇ. ಕಿತ್ತು ಇನ್ನೊಂದು ಕಡೆ ಇಡೋವರೆಗೂ ಕೂದಲ ಬುಡಕ್ಕೆ ರಕ್ತ ಇರಲ್ಲ, ಆ ಏಟಿಗೆ ಅದು ವಿಶ್ರಾಂತಿಗೆ ಹೋಗುತ್ತೆ. ಮಾಮೂಲಿ ಕೂದಲಿಗೂ ಇಂಥ ವಿಶ್ರಾಂತಿ ಇದ್ದೇ ಇದೆ, ಎರಡರಿಂದ ಆರು ವರ್ಷ ಬೆಳೆದು, ಆಮೇಲೆ ಸುಮಾರು ಮೂರು ತಿಂಗಳು ಸುಮ್ಮನಿದ್ದು, ಹಳೇದನ್ನ ಬಿಟ್ಟು ಹೊಸದು ಹುಟ್ಟಿಸುತ್ತೆ. ನಾಟಿ ಹಾಕಿದ್ದೂ ಎರಡರಿಂದ ಎಂಟು ವಾರದೊಳಗೆ ಮೇಲಿನ ಎಳೆಯನ್ನ ಬಿಟ್ಟುಬಿಡುತ್ತೆ, ಬುಡ ಮಾತ್ರ ಚರ್ಮದೊಳಗೇ ಭದ್ರವಾಗಿರುತ್ತೆ. ಮೂರು ನಾಲ್ಕು ತಿಂಗಳಿಗೆ ರೋಮದಂಥ ತೆಳ್ಳನೆ ಎಳೆ ಬರುತ್ತೆ, ಆರು ತಿಂಗಳಿಗೆ ನೋಡ್ದೋರಿಗೆ ಗೊತ್ತಾಗುತ್ತೆ, ಪೂರ್ತಿ ಫಲ ಕಾಣೋಕೆ ಒಂದು ವರ್ಷ, ನೆತ್ತಿ ಕಡೆ ಒಂದೂವರೆ ವರ್ಷಾನೂ ಹಿಡೀಬಹುದು.

ಬೋಳಾದ ಕಡೆ ನಾಟಿ ಹಾಕೋಕೆ ಹಿಂದಲೆ ಕೂದಲನ್ನೇ ಯಾಕೆ ಕೀಳ್ತಾರೆ ಅನ್ನೋದಕ್ಕೆ ಒಳ್ಳೆ ಕಾರಣ ಇದೆ. ಗಂಡಸರ ಬೋಳು ಬರೋದು ಟೆಸ್ಟೋಸ್ಟಿರಾನ್‌ನಿಂದ ಹುಟ್ಟೋ ಡಿಎಚ್‌ಟಿ ಅನ್ನೋ ಹಾರ್ಮೋನಿಂದ. ಹಣೆ ಮೇಲೆ, ನೆತ್ತಿ ಮೇಲೆ ಇರೋ ಬುಡಗಳಿಗೆ, ಅದೂ ಮನೆತನದಲ್ಲಿ ಈ ಗುಣ ಇದ್ದೋರಿಗೆ, ಅದು ತಗುಲಿದ್ರೆ ಕೂದಲು ಉದುರಿ ಹುಟ್ಟೋ ಪ್ರತಿ ಸುತ್ತಿಗೂ ತೆಳ್ಳಗಾಗ್ತಾ ಕೊನೆಗೆ ಕಾಣದಂಗಾಗುತ್ತೆ. ಹಿಂದೆ, ಕಿವಿ ಪಕ್ಕ ಇರೋವಕ್ಕೆ ಅಷ್ಟಾಗಿ ತಗುಲಲ್ಲ. ನ್ಯೂಯಾರ್ಕಿನ ಚರ್ಮದ ಡಾಕ್ಟರು ನಾರ್ಮನ್ ಓರೆಂಟ್ರೈಕ್ 1950ರ ದಶಕದಲ್ಲಿ ತೋರಿಸಿದ್ದು ಇದನ್ನೇ, ಹಿಂದಲೆಯ ಬುಡ ಮುಂದಕ್ಕೆ ಹೋದ್ರೂ ತನ್ನ ಹಿಂದಲೆ ಗುಣವನ್ನೇ ಉಳಿಸ್ಕೊಳ್ಳುತ್ತೆ ಅಂತ. ಈ ಇಡೀ ಸರ್ಜರಿ ನಿಂತಿರೋದು ಅದೊಂದರ ಮೇಲೆ. ಅದಕ್ಕೂ ಮುಂಚೆ 1939ರಲ್ಲೇ ಜಪಾನಿನ ಓಕುಡಾ ಅನ್ನೋ ಡಾಕ್ಟರು ಸುಟ್ಟು ಕೂದಲು ಹೋದೋರಿಗೆ ಇಂಥದ್ದು ಮಾಡಿ ಬರೆದಿಟ್ಟಿದ್ರು, ಹೊರಗಿನೋರಿಗೆ ಅದು ತಲುಪಿದ್ದು ಬಹಳ ತಡವಾಗಿ.

ಆದ್ರೆ ಗದ್ದೆ ಹೋಲಿಕೆ ಒಂದು ಕಡೆ ಕೈ ಕೊಡುತ್ತೆ. ಸಸಿ ಮಡಿಗೆ ಇನ್ನೊಂದ್ಸಲ ಬೀಜ ಚೆಲ್ಲಬಹುದು, ಹಿಂದಲೆಯಲ್ಲಿ ಕಿತ್ತ ಜಾಗದಲ್ಲಿ ಮತ್ತೆ ಹುಟ್ಟಲ್ಲ. ಅಂದ್ರೆ ಇದು ಹೊಸ ಕೂದಲು ಕೊಡೋ ಸರ್ಜರಿ ಅಲ್ಲ, ಇರೋದನ್ನ ಇಲ್ಲಿಂದ ಅಲ್ಲಿಗೆ ಹಂಚೋದು ಅಷ್ಟೇ. ಒಂದು ಗ್ರಾಫ್ಟ್ ಅಂದ್ರೆ ಒಂದರಿಂದ ನಾಲ್ಕು ಕೂದಲಿರೋ ಒಂದು ಗೊಂಚಲು, ಹಿಂದಲೆಯಿಂದ ಕೀಳೋಕೆ ಸಿಗೋ ಗ್ರಾಫ್ಟ್ ಜೀವಮಾನಕ್ಕೆಲ್ಲ ಇಷ್ಟೇ ಅಂತ ಇರುತ್ತೆ. ಇಪ್ಪತ್ತೆರಡು ವರ್ಷದ ಹುಡುಗ ಹಣೆ ಮೇಲೆ ಹದಿನಾರರ ವಯಸ್ಸಿನ ಕೂದಲ ಸಾಲು ಬೇಕು ಅಂತ ಆ ಗ್ರಾಫ್ಟ್‌ಗಳಲ್ಲಿ ಅರ್ಧ ಖರ್ಚು ಮಾಡಿದ್ರೆ, ಆ ಸಾಲಿನ ಹಿಂದೆ ನೆತ್ತಿ ಮೇಲಿರೋ ಸ್ವಂತ ಕೂದಲು ಮೂವತ್ತೈದಕ್ಕೆ ಹೋದಾಗ ಮುಂದೆ ಒಂದು ಪಟ್ಟಿ, ನಡುವೆ ಬಯಲು ಉಳಿಯುತ್ತೆ. ಅದಕ್ಕೇ ಒಳ್ಳೆ ಡಾಕ್ಟರು ಚಿಕ್ಕ ವಯಸ್ಸಿನೋರಿಗೆ ಸ್ವಲ್ಪ ಕಾಯಿ ಅಂತಾರೆ, ಇರೋ ಕೂದಲು ಉಳಿಸೋಕೆ ಮಿನಾಕ್ಸಿಡಿಲ್, ಫಿನಾಸ್ಟರೈಡ್ ಅನ್ನೋ ಔಷಧಿ ಶುರು ಮಾಡಿಸ್ತಾರೆ. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕಮ್ಮಿಯಾಗೋದು, ಮನಸ್ಸು ಕುಗ್ಗೋದು ಆಗುತ್ತೆ, ನಾಚ್ಕೊಳ್ಳದೆ ಡಾಕ್ಟರ್ ಹತ್ರ ಮೊದಲೇ ಮಾತಾಡ್ಬೇಕು.

ಸರ್ಜರಿ ದಿನ ಪ್ರಜ್ಞೆ ತಪ್ಪಿಸಲ್ಲ, ತಲೆಗೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಡ್ತಾರೆ, ತುಂಬಾ ಜನಕ್ಕೆ ನೋವು ಅಂತ ನೆನಪಿರೋದು ಈ ಚುಚ್ಚೋದೊಂದೇ. ಹಿಂದಿನಿಂದ ಉದ್ದಕ್ಕೆ ಚರ್ಮದ ಪಟ್ಟಿ ಕತ್ತರಿಸಿ ತೆಗೆಯೋದು ಎಫ್‌ಯುಟಿ, ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಬಾಯಿನ ಪಂಚ್ ಅನ್ನೋ ಕೊಳವೆಯಂಥ ಸಾಧನದಿಂದ ಒಂದೊಂದೇ ಕೀಳೋದು ಎಫ್‌ಯುಇ. ಎರಡನೇದಕ್ಕೆ ಕಲೆನೇ ಇರಲ್ಲ ಅನ್ನೋದು ಸುಳ್ಳು, ಗೀಟಿನ ಬದಲು ಸಣ್ಣ ಸಣ್ಣ ಚುಕ್ಕೆ ಉಳಿಯುತ್ತೆ. ಕಿತ್ತಿದ್ದು ಒಣಗಬಾರ್ದು, ಅದನ್ನ ತಣ್ಣಗಿನ ಸಲೈನ್‌ನಂಥ ದ್ರವದಲ್ಲಿ ಇಟ್ಟಿರ್ತಾರೆ. ಆಮೇಲೆ ಮುಂದೆ ಸಣ್ಣ ಸೀಳು ಮಾಡಿ ನಾಟಿ, ಮುಂದಿನ ಸಾಲಿಗೆ ಒಂಟಿ ಕೂದಲಿನ ಗ್ರಾಫ್ಟ್, ಹಿಂದಕ್ಕೆ ಎರಡು ಮೂರರದ್ದು. ಆ ಸೀಳು ಯಾವ ಕಡೆಗೆ ಎಷ್ಟು ಓರೆ ಅನ್ನೋದ್ರಲ್ಲೇ ಸರ್ಜನ್ ಕೈಚಳಕ ಇರೋದು, ತಪ್ಪಿದ್ರೆ ಬೊಂಬೆ ತಲೆ ಥರ ನೆಟ್ಟಗೆ ನಿಲ್ಲುತ್ತೆ. ಬೆಳಿಗ್ಗೆ ಹೋದ್ರೆ ಸಂಜೆ ಮನೆಗೆ.

ಮೂರನೇ ದಿನದ ಹೊತ್ತಿಗೆ ಹಣೆ ಊದ್ಕೊಂಡು ಕಣ್ಣಿಗೂ ಇಳೀಬಹುದು, ನಮ್ಮ ಹುಡುಗನ ಅಮ್ಮ ಅದನ್ನ ನೋಡಿ ಗಾಬರಿಯಾಗಿ ಅತ್ತೇಬಿಟ್ರು, ವಾರದೊಳಗೆ ತಾನಾಗೇ ಇಳೀತು. ಮೊದಲ ರಾತ್ರಿಗಳು ತಲೆ ಎತ್ತರಕ್ಕೆ ಇಟ್ಟು ಮಲಗ್ಬೇಕು. ಹಕ್ಕಳೆ ಕಟ್ಟುತ್ತೆ, ತುರಿಸುತ್ತೆ, ಉಗುರು ಮಾತ್ರ ತಾಗಿಸ್ಬಾರ್ದು, ಹೇಳ್ಕೊಟ್ಟ ಹಾಗೆ ಮೆತ್ತಗೆ ತೊಳೀತಾ ಹೋದ್ರೆ ಹತ್ತು ದಿನದ ಹೊತ್ತಿಗೆ ಉದುರುತ್ತೆ, ಅಷ್ಟರೊಳಗೆ ಬುಡಗಳೂ ಗಟ್ಟಿಯಾಗಿರುತ್ತೆ. ಅಲ್ಲೀವರೆಗೆ ಹೆಲ್ಮೆಟ್ ಹಾಕೋ ಹಂಗಿಲ್ಲ, ಅಂದ್ರೆ ಬೈಕೇ ಬೇಡ. ಸಿಗರೇಟು ರಕ್ತದ ಓಟ ಕಮ್ಮಿ ಮಾಡುತ್ತೆ, ಅದೂ ಬೇಡ. ತಲೆ ಒಂದಷ್ಟು ವಾರ ಜೋಮು ಹಿಡಿದಂಗಿರೋದು ಮಾಮೂಲಿ, ಜ್ವರ, ಕೀವು, ಹೆಚ್ಚಾಗ್ತಾ ಹೋಗೋ ನೋವು ಮಾಮೂಲಿ ಅಲ್ಲ, ತಕ್ಷಣ ಡಾಕ್ಟರ್ ಹತ್ರ ಹೋಗಿ.

ನನಗೆ ನಿಜವಾಗ್ಲೂ ಸಂಕಟ ಆಗೋದು ಗಲ್ಲಿಗೊಂದು ಸೆಂಟರ್ ನೋಡಿದಾಗ. ಇದು ಸಲೂನ್ ಕೆಲಸ ಅಲ್ಲ, ಗಂಟೆಗಟ್ಟಲೆ ಮರಗಟ್ಟೋ ಔಷಧಿ ಕೊಡೋ ಸರ್ಜರಿ, ಡೋಸ್ ಜಾಸ್ತಿಯಾದ್ರೆ ಹೃದಯ, ಮೆದುಳಿಗೇ ಏಟು ಬೀಳುತ್ತೆ, ನಮ್ಮ ದೇಶದಲ್ಲಿ ಇದು ಮಾಡಿಸ್ಕೊಂಡು ಪ್ರಾಣ ಕಳ್ಕೊಂಡೋರೂ ಇದಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಮಾರ್ಗಸೂಚಿ ಹೊರಡಿಸಿ, ತರಬೇತಿ ಪಡೆದ ಡಾಕ್ಟರೇ ಮಾಡ್ಬೇಕು, ಯೂಟ್ಯೂಬ್ ವಿಡಿಯೋ ನೋಡಿ ಕಲ್ತಿದ್ದು ಸಾಲಲ್ಲ ಅಂತ ಹೇಳಿದೆ. ಹಾಗಾಗಿ ಗ್ರಾಫ್ಟ್‌ಗೆ ಎಷ್ಟು ರೇಟು ಅಂತ ಕೇಳೋಕೆ ಮುಂಚೆ ಸೀಳು ಹಾಕೋರು ಯಾರು, ಅವರು ಚರ್ಮರೋಗದಲ್ಲೋ ಪ್ಲಾಸ್ಟಿಕ್ ಸರ್ಜರಿಲೋ ಓದಿದಾರಾ, ಏನಾದ್ರೂ ಆದ್ರೆ ಆಕ್ಸಿಜನ್, ತುರ್ತು ಔಷಧಿ ಕೈಗೆ ಸಿಗೋ ಥರ ಇದೆಯಾ ಅಂತ ಕೇಳಿ.

ಮದ್ವೆ ಇದ್ರೆ ಕಮ್ಮಿ ಅಂದ್ರೂ ಒಂದು ವರ್ಷ ಮುಂಚೆ ಮಾಡಿಸಿ, ಎರಡು ತಿಂಗಳು ಮುಂಚೆ ಮಾಡಿಸಿದ್ರೆ ಸರಿಯಾಗಿ ಉದುರೋ ಹೊತ್ತಿಗೇ ಮುಹೂರ್ತ ಬರುತ್ತೆ. ನಮ್ಮ ಹುಡುಗ ಮದ್ವೆ ಮನೇಲಿ ಪೇಟ ತೆಗೆಯೋಕೆ ಒಪ್ಪಲೇ ಇಲ್ಲ. ಈಗ ಹತ್ತು ತಿಂಗಳಾಗಿದೆ, ಹೋದ ವಾರ ಮನೆಗೆ ಬಂದಾಗ ಬೆಳಕಿಗೆ ಕೂರಿಸಿ ನೋಡ್ದೆ, ಹಣೆ ಮೇಲಿನ ಸಾಲು ಚೆನ್ನಾಗಿ ಹಿಡಿದಿದೆ, ನೆತ್ತಿ ಇನ್ನೂ ತೆಳು, ಅದಕ್ಕೆ ಇನ್ನೊಂದು ಆರು ತಿಂಗಳು ಬೇಕು ಅಂತ ಅವನೇ ನಂಗೆ ಹೇಳ್ದ.