ಉತ್ತರಪತ್ರಿಕೆಯಲ್ಲಿ ಪೂರ್ತಿ ಅಂಕ, ಲಸಿಕೆ ಮಾತ್ರ ಬಾಕಿ

ಗರ್ಭಕಂಠದ ಕ್ಯಾನ್ಸರ್ ಯಾಕೆ ಬರುತ್ತದೆ ಅಂತ ನರ್ಸಿಂಗ್ ಓದುವ ಹುಡುಗಿಯನ್ನು ಕೇಳಿ. ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಅನ್ನುವ, ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್‌ನಿಂದ ಅಂತ ಥಟ್ಟನೆ ಹೇಳುತ್ತಾಳೆ. ಶೇ 70ರಷ್ಟು ಪ್ರಕರಣಗಳಿಗೆ ಅದರ 16 ಮತ್ತು 18ನೇ ಬಗೆಗಳೇ ಕಾರಣ ಅಂತಲೂ ಸೇರಿಸಬಹುದು. ‘ಸರಿ, ನೀನು ಲಸಿಕೆ ಹಾಕಿಸಿಕೊಂಡಿದ್ದೀಯಾ?’ ಅಂದಾಗ ಮಾತ್ರ ತಡವರಿಸುತ್ತಾಳೆ. ಹಲವು ದೇಶಗಳ ಸಮೀಕ್ಷೆಗಳಲ್ಲೂ ಇದೇ ಕಥೆ. ತಿಳಿದಿರುವುದು ಜಾಸ್ತಿ, ಮಾಡಿಸಿಕೊಂಡಿರುವುದು ಕಡಿಮೆ.

ಸೋಮಾರಿತನ ಅಂತ ಬೈಯುವುದು ಸುಲಭ. ನನಗೇನೋ ಅರ್ಧ ತಪ್ಪು ಸಮೀಕ್ಷೆಯಲ್ಲಿ ಪ್ರಶ್ನೆ ಕೇಳುವವರದ್ದೇ ಅನ್ನಿಸುತ್ತದೆ. ‘ಪ್ಯಾಪ್ ಸ್ಮಿಯರ್ (ಗರ್ಭಕಂಠದ ಜೀವಕೋಶಗಳನ್ನು ತೆಗೆದು ನೋಡುವ ತಪಾಸಣೆ) ಮಾಡಿಸಿದ್ದೀರಾ?’ ಅಂತ 19ರ ಹುಡುಗಿಯನ್ನು ಕೇಳಿದರೆ ಇಲ್ಲ ಅನ್ನದೆ ಇನ್ನೇನು ಹೇಳಿಯಾಳು? ವಿಶ್ವ ಆರೋಗ್ಯ ಸಂಸ್ಥೆ ತಪಾಸಣೆ ಶುರುಮಾಡಿ ಅನ್ನುವುದೇ 30ರಿಂದ, ಎಚ್‌ಐವಿ ಇದ್ದವರಿಗೆ 25ರಿಂದ. ಎಳೆ ವಯಸ್ಸಿನ ಎಚ್‌ಪಿವಿ ಸೋಂಕನ್ನು ದೇಹವೇ ಹೆಚ್ಚಾಗಿ ಒಂದೆರಡು ವರ್ಷದಲ್ಲಿ ಓಡಿಸಿಬಿಡುತ್ತದೆ. ಹೋಗದೆ ಉಳಿದ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು.

ಆ ವಯಸ್ಸಿಗೆ ಸರಿಯಾದ ಪ್ರಶ್ನೆ ಲಸಿಕೆಯದ್ದು. ಅದು ಮೊದಲೇ ಹಿಡಿದ ಸೋಂಕನ್ನು ವಾಸಿ ಮಾಡುವುದಿಲ್ಲ, ಹೊಸದನ್ನು ತಡೆಯುತ್ತದೆ. ಹಾಗಾಗಿ 9ರಿಂದ 14ರೊಳಗೆ ಹಾಕಿಸಿದರೆ ಲಾಭ ಹೆಚ್ಚು. ಇಪ್ಪತ್ತು ದಾಟಿದವರೂ ಹಾಕಿಸಿಕೊಳ್ಳಬಹುದು. ‘ಮದುವೆ ಆದಮೇಲೆ ನೋಡೋಣ’ ಅನ್ನುವುದು ಮಾತ್ರ ಸುಮ್ನೆ ಕಾಲ ಕಳೆಯುವ ಮಾತು.

ಇನ್ನು ತಪಾಸಣೆ. ಅದರಲ್ಲೊಂದು ಎಷ್ಟು ಸರಳ ಅಂದರೆ ತರಬೇತಿ ಪಡೆದ ನರ್ಸ್ ಒಬ್ಬರೇ ಮಾಡಬಲ್ಲರು. ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಅನ್ನುವ ಉಪಕರಣ ಇಟ್ಟು, ಶೇ 3ರಿಂದ 5ರಷ್ಟು ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಸವರುತ್ತಾರೆ. ಅಂದರೆ ವಿನೆಗರ್‌ನಲ್ಲಿರುವ ಅದೇ ಆಮ್ಲ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಲ್ಲಿ ಪ್ರೋಟೀನ್ ಜಾಸ್ತಿ. ಆಮ್ಲ ತಾಗಿದೊಡನೆ ಅದು ಹೆಪ್ಪುಗಟ್ಟಿ, ಆ ಜಾಗ ದಟ್ಟ ಬಿಳಿಯಾಗಿ ಎದ್ದು ಕಾಣುತ್ತದೆ. ಬಿಳಿಯಾದದ್ದೆಲ್ಲ ಕ್ಯಾನ್ಸರ್ ಅಲ್ಲ, ಮುಂದಿನ ಪರೀಕ್ಷೆ ಬೇಕು ಅಂತ ಅಷ್ಟೇ.

ಇದನ್ನೆಲ್ಲ ಬೇರೆಯವರಿಗೆ ಮಾಡಲು ಕಲಿತವಳಿಗೂ ತಾನು ಅದೇ ಮೇಜಿನ ಮೇಲೆ ಮಲಗುವುದು ಸಂಕೋಚವೇ. ನೋಡುವವರು ನಾಳೆ ಜೊತೆಗೆ ಡ್ಯೂಟಿ ಮಾಡುವವರು, ಅಲ್ವಾ? ಇದಕ್ಕೂ ಈಗ ದಾರಿ ಇದೆ. ಎಚ್‌ಪಿವಿ ಪರೀಕ್ಷೆಗೆ ಯೋನಿಯೊಳಗಿನ ಮಾದರಿಯನ್ನು ಮಹಿಳೆ ತಾನೇ ಸ್ವ್ಯಾಬ್‌ನಿಂದ ತೆಗೆದು ಕೊಡಬಹುದು. ಲಸಿಕೆ ಆದವರಿಗೂ ವಯಸ್ಸು ಬಂದಾಗ ಈ ತಪಾಸಣೆ ಬೇಕೇ ಬೇಕು. ಯಾಕೆಂದರೆ ಕ್ಯಾನ್ಸರ್ ತರುವ ಎಲ್ಲ ಬಗೆಯ ಎಚ್‌ಪಿವಿಯನ್ನೂ ಲಸಿಕೆ ತಡೆಯುವುದಿಲ್ಲ.