ಡ್ಯೂಟಿ ರೂಮಿನ ನಿದ್ದೆ: ವಂಶವಾಹಿಯ ಪಾಲೆಷ್ಟು, ರೋಸ್ಟರ್‌ನ ಪಾಲೆಷ್ಟು?

ಬೆಳಗಿನ ಜಾವ ನಾಲ್ಕು ಗಂಟೆ. ಕ್ಯಾಶುವಾಲ್ಟಿಗೆ ಹೊಸ ಕೇಸ್ ಬಂದಿಲ್ಲ, ವಾರ್ಡಿನಿಂದಲೂ ಕರೆಯಿಲ್ಲ. ಡ್ಯೂಟಿ ರೂಮಿನಲ್ಲಿ ಹೌಸ್ ಸರ್ಜನ್ ಮಲಗಿದ್ದಾರೆ, ಮೊಬೈಲ್ ದಿಂಬಿನ ಪಕ್ಕದಲ್ಲೇ ಇದೆ. ಕಣ್ಣು ಮುಚ್ಚಿದ್ದರೂ ಕಿವಿ ತೆರೆದೇ ಇದೆ. ಗಡಿಯಾರ ಇದನ್ನು ನಿದ್ದೆ ಎಂದು ಲೆಕ್ಕ ಹಾಕುತ್ತದೆ, ಮಿದುಳು ಹಾಕುವುದಿಲ್ಲ. ಸ್ವೀಡನ್ನಿನ ಸಂಶೋಧಕರು 1988ರಲ್ಲಿ ಹಡಗಿನ ಎಂಜಿನಿಯರ್‌ಗಳ ಮೇಲೆ ಇದನ್ನೇ ಅಳೆದರು. ರಾತ್ರಿ ಕರೆ ಬರಬಹುದು ಎಂದು ಗೊತ್ತಿದ್ದವರಲ್ಲಿ, ಅಲಾರಂ ಬಾರಿಸುವ ಮೊದಲೇ ಗಾಢ ನಿದ್ದೆ ಕಡಿಮೆಯಾಗಿತ್ತು, ಎದೆಬಡಿತ ಏರಿತ್ತು. ಕರೆಯಷ್ಟೇ ಅಲ್ಲ, ಕರೆ ಬಂದೀತೆಂಬ ನಿರೀಕ್ಷೆಯೂ ನಿದ್ದೆ ಕೆಡಿಸುತ್ತದೆ.

ಎದ್ದ ಕ್ಷಣದಿಂದ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಹೆಚ್ಚಿದಷ್ಟೂ ಕಣ್ಣು ಎಳೆಯುತ್ತದೆ. ಇದರ ಜೊತೆಗೆ ದೇಹದ ಗಡಿಯಾರವೂ ಓಡುತ್ತಿರುತ್ತದೆ. ಅದರ ಪ್ರಕಾರ ಬೆಳಗಿನ ಜಾವ 3ರಿಂದ 5ರವರೆಗೆ ಎಚ್ಚರ ತೀರಾ ಕುಸಿಯುತ್ತದೆ. ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ 10ಕ್ಕೆ ಮಲಗಿದರೆ ಇದೇ ಗಡಿಯಾರ ಉಲ್ಟಾ ಕೆಲಸ ಮಾಡಿ, ಎಷ್ಟು ದಣಿದಿದ್ದರೂ ನಾಲ್ಕೈದು ಗಂಟೆಯ ನಿದ್ದೆಗೇ ಎಬ್ಬಿಸಿಬಿಡುತ್ತದೆ. ಒತ್ತಡವೂ ಸೇರಿದರೆ ರಾತ್ರಿ ಇಳಿಯಬೇಕಿದ್ದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಇಳಿಯದೆ ನಿದ್ದೆ ತುಂಡುತುಂಡಾಗುತ್ತದೆ.

ಒಂದೇ ರೋಸ್ಟರ್, ಒಂದೇ ವಾರ್ಡ್. ಆದರೂ ಒಬ್ಬರು ಮರುದಿನ ರೌಂಡ್ಸ್‌ನಲ್ಲಿ ಚುರುಕಾಗಿರುತ್ತಾರೆ, ಇನ್ನೊಬ್ಬರು ನಿಂತಲ್ಲೇ ತೂಕಡಿಸುತ್ತಾರೆ. ವಂಶವಾಹಿಗಳ (ಜೀನ್‌ಗಳ) ಪಾತ್ರ ಇಲ್ಲಿದೆ. ದೇಹದ ಗಡಿಯಾರ ನಡೆಸುವ ವಂಶವಾಹಿಗಳಲ್ಲಿ ಪಿಇಆರ್3 ಒಂದು. ಅದರಲ್ಲೊಂದು ತುಣುಕು ಕೆಲವರಲ್ಲಿ ನಾಲ್ಕು ಸಲ, ಕೆಲವರಲ್ಲಿ ಐದು ಸಲ ಪುನರಾವರ್ತನೆಯಾಗಿರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಐದರ ರೂಪವೇ ಬಂದವರು ರಾತ್ರಿಯಿಡೀ ಎದ್ದಿದ್ದರೆ ಬೆಳಗಿನ ಜಾವದ ಪರೀಕ್ಷೆಗಳಲ್ಲಿ ಹೆಚ್ಚು ಸೋಲುತ್ತಾರೆಂದು 2007ರ ಒಂದು ಬ್ರಿಟಿಷ್ ಅಧ್ಯಯನ ತೋರಿಸಿತು. ಭಾಗವಹಿಸಿದ್ದವರು 24 ಜನ ಮಾತ್ರ, ಹಾಗಾಗಿ ಎಚ್ಚರಿಕೆಯಿಂದ ಓದಬೇಕು. ದೊಡ್ಡ ಅಧ್ಯಯನಗಳು ಕೊಡುವ ಚಿತ್ರವೇ ಬೇರೆ. 2019ರಲ್ಲಿ 13 ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ಜಾಲಾಡಿದಾಗ ನಿದ್ರಾಹೀನತೆಗೆ ಸಂಬಂಧಿಸಿದ 202 ತಾಣಗಳು ಸಿಕ್ಕವು, ಒಂದೊಂದರ ಪ್ರಭಾವವೂ ಅತ್ಯಲ್ಪ. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ, ಬೇಗ ಏಳುವ ಸ್ವಭಾವದ ವಂಶವಾಹಿ ರೂಪಗಳು ಅತಿ ಹೆಚ್ಚು ಇದ್ದವರಿಗೂ ಅತಿ ಕಡಿಮೆ ಇದ್ದವರಿಗೂ ಮಲಗುವ ಹೊತ್ತಿನಲ್ಲಿ ಕಂಡ ಅಂತರ ಸುಮಾರು 25 ನಿಮಿಷ. ಒಂದು ನೈಟ್ ಡ್ಯೂಟಿ ಅದೇ ಹೊತ್ತನ್ನು ಹತ್ತು ಹನ್ನೆರಡು ಗಂಟೆ ಜರುಗಿಸುತ್ತದೆ!

ವೈದ್ಯರ ಮೇಲೆಯೇ ನಡೆದ ಅಧ್ಯಯನವೂ ಉಂಟು. ಅಮೆರಿಕದಲ್ಲಿ 740 ಇಂಟರ್ನ್‌ಗಳನ್ನು ಹಿಂಬಾಲಿಸಿದ 2010ರ ವರದಿಯಲ್ಲಿ, ಕೆಲಸಕ್ಕೆ ಸೇರುವ ಮುನ್ನ 3.9% ಇದ್ದ ಖಿನ್ನತೆ ಆ ವರ್ಷದಲ್ಲಿ ಸರಾಸರಿ 25.7%ಕ್ಕೆ ಏರಿತು. ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ಸಾಗಣೆಗೆ ಸಂಬಂಧಿಸಿದ ಒಂದು ವಂಶವಾಹಿ ರೂಪ ಇದ್ದವರಲ್ಲಿ ಏರಿಕೆ ಹೆಚ್ಚು ಎಂದೂ ಕಂಡಿತ್ತು. ಆದರೆ 2019ರಲ್ಲಿ ಲಕ್ಷಾಂತರ ಜನರ ಮಾಹಿತಿಯಲ್ಲಿ ಇಂಥ ಒಂಟಿ ವಂಶವಾಹಿಗಳಿಗೂ ಖಿನ್ನತೆಗೂ ಇರುವ ನಂಟನ್ನು ಪರೀಕ್ಷಿಸಿದಾಗ ಅದಕ್ಕೆ ಬೆಂಬಲ ಸಿಗಲಿಲ್ಲ. ಹಾಗಾಗಿ ಡಿಎನ್‌ಎ ಟೆಸ್ಟ್ ಮಾಡಿಸಿ ನೈಟ್ ಡ್ಯೂಟಿಗೆ ಆಳು ಆರಿಸುವ ಯೋಚನೆ ಯಾರಿಗಾದರೂ ಬಂದರೆ ಅದಕ್ಕೆ ಆಧಾರವಿಲ್ಲ.

ಕೆಲಸದ ಅವಧಿಯ ಪುರಾವೆ ಮಾತ್ರ ಗಟ್ಟಿಯಾಗಿದೆ. ಸತತ 17 ಗಂಟೆ ಎದ್ದಿದ್ದವರ ಕೈಚಳಕ ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ, 24 ಗಂಟೆಗೆ 0.10%ರ ಹತ್ತಿರ. ನಮ್ಮಲ್ಲಿ ಗಾಡಿ ಓಡಿಸಲು ಮಿತಿ 0.03%. 2004ರಲ್ಲಿ ಅಮೆರಿಕದ ಐಸಿಯುಗಳಲ್ಲಿ ಹೋಲಿಸಿದಾಗ, ಹಳೆಯ ದೀರ್ಘ ಡ್ಯೂಟಿಯ ಇಂಟರ್ನ್‌ಗಳು ಕಡಿಮೆ ಅವಧಿಯವರಿಗಿಂತ 35.9% ಹೆಚ್ಚು ಗಂಭೀರ ತಪ್ಪು ಮಾಡಿದ್ದರು.

ರೋಸ್ಟರ್ ಬದಲಾಗುವವರೆಗೆ ಮಾಡಬಹುದಾದದ್ದಿದೆ. ನೈಟ್ ಡ್ಯೂಟಿಗೆ ಮುನ್ನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ಒಂದು ಪೂರ್ತಿ ನಿದ್ರಾ ಚಕ್ರ ಸಿಗುತ್ತದೆ. ರಾತ್ರಿ 2ರ ಸುಮಾರಿಗೆ ಬಿಡುವಾದರೆ ಮೊದಲು ಕಾಫಿ, ಆಮೇಲೆ ಇಪ್ಪತ್ತು ನಿಮಿಷದ ನಿದ್ದೆ. ಕೆಫೀನ್ ಪೂರ್ತಿ ಹತ್ತಲು ಅರ್ಧ ಗಂಟೆ ಬೇಕು, ಹಾಗಾಗಿ ನಿದ್ದೆಯ ಲಾಭವೂ ಕಾಫಿಯ ಲಾಭವೂ ಕೂಡಿ ಬರುತ್ತವೆ. ಮಲಗಲು ಆರು ಗಂಟೆ ಇರುವಾಗಲೇ ಕಾಫಿ ನಿಲ್ಲಿಸಿ. ಕೆಫೀನನ್ನು ಕರಗಿಸುವ ಕಿಣ್ವ ಸಿವೈಪಿ1ಎ2 ಕೆಲವರಲ್ಲಿ ವಂಶಪಾರಂಪರ್ಯವಾಗಿಯೇ ನಿಧಾನ. ಸಂಜೆಯ ಒಂದು ಲೋಟ ಫಿಲ್ಟರ್ ಕಾಫಿಗೇ ನಿದ್ದೆ ಕೆಡುವವರು ಇನ್ನೂ ಮೊದಲೇ ನಿಲ್ಲಿಸಬೇಕು. ಇದನ್ನು ತಿಳಿಯಲು ಟೆಸ್ಟ್ ಬೇಡ, ಒಂದು ವಾರ ಗಮನಿಸಿದರೆ ಸಾಕು. ಡ್ಯೂಟಿಯ ನಡುವೆ ಅರ್ಧ ಗಂಟೆ ಮೀರಿ ಮಲಗಿದರೆ ಎದ್ದ ಮೇಲೂ ಕಾಲು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಮಂಪರು ಇರುತ್ತದೆ. ಆಗ ಫೋನಿನಲ್ಲೇ ಡೋಸ್ ಹೇಳುವುದು ಅಪಾಯ; 0.5 ಎನ್ನಬೇಕಾದಲ್ಲಿ 5 ಎಂದುಬಿಡುವ ಹೊತ್ತದು. ಎದ್ದು ಕೂತು, ಲೈಟ್ ಹಾಕಿ, ಸಿಸ್ಟರ್ ಕೈಲಿ ಡೋಸನ್ನು ಮರಳಿ ಓದಿಸಿ.

ಭಾರತದಲ್ಲಿ ರೆಸಿಡೆಂಟ್ ವೈದ್ಯರ ಸತತ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆಯ ಮಿತಿ ಮತ್ತು ಒಂದು ರಜೆಯನ್ನು ಶಿಫಾರಸು ಮಾಡಿತು: ಒಂದು 24 ಗಂಟೆಯ ಡ್ಯೂಟಿ, ಉಳಿದ ಐದು ದಿನ ಹತ್ತು ಹತ್ತು ಗಂಟೆ. 24ರ ಡ್ಯೂಟಿ ಅಲ್ಲೂ ಉಳಿದುಕೊಂಡಿದೆ. ಅದು ಇರುವಷ್ಟು ದಿನ ರೋಸ್ಟರ್‌ನಲ್ಲಿ ಎರಡು ಸಾಲು ಸೇರಿಸಲೇಬೇಕು: ಮರುದಿನ ಒಪಿಡಿಗೆ ಕರೆಯದೆ ಮನೆಗೆ ಕಳಿಸುವುದು, ಮತ್ತು ಮಲಗಿದವರ ಮೊಬೈಲ್ ಆ ಒಂದೆರಡು ಗಂಟೆ ಇನ್ನೊಬ್ಬ ಡಾಕ್ಟರ ಕೈಯಲ್ಲಿರುವುದು.